ಸೊಟ್ಟ ಹೆಡ್ಡು, ನೆಟ್ಟಗಿನ ರಿಪೇರಿ

ಹೆಬ್ಬಾಳದ ಕಡೆ ಕಂಪ್ಯೂಟರ್ ಸರ್ವೀಸ್ ಸೆಂಟರ್ ನಡೆಸುವ ಗೆಳೆಯನೊಬ್ಬ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾಲ್ಕು ಮಾತು ಹೇಳು ಎಂದು ಕರೆದ. ಹೋದೆ. ಎದುರಿಗೆ ಕೂತವರು ಕೇಳಿದ ಮೊದಲ ಪ್ರಶ್ನೆ, “ಸರ್, ನೀವು ಎಲ್ಲಿಂದ ಎಲ್ಲೀವರೆಗೆ ಬಂದ್ರಿ?” ಆರ್.ಟಿ. ನಗರದಿಂದ ಯಶವಂತಪುರದವರೆಗೆ ಹೋದೆ, ಅಲ್ಲಿಂದ ವಾಪಸ್ ಹುಣಸಮಾರನಹಳ್ಳಿಯ ಮನೆಗೆ ಬಂದೆ ಅಂದೆ. ನಕ್ಕರು. ಅವರು ಕೇಳಿದ್ದು ಬಡ್ತಿಯ ವಿಚಾರ. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಮೆಕ್ಯಾನಿಕ್ ಆಗಿ ಸೇರಿದೆ, ಮೆಕ್ಯಾನಿಕ್ ಆಗಿಯೇ ನಿವೃತ್ತನಾದೆ. ನಡುವೆ ಹುದ್ದೆಯ ಹೆಸರನ್ನು ಮಾತ್ರ ಕಂಪನಿಯವರು ನಾಲ್ಕು ಸಲ ಬದಲಾಯಿಸಿದರು. ಆ ದಿನ ಹೇಳಲು ಸಮಯ ಸಾಲದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೇಳಲು ಧೈರ್ಯ ಸಾಲದೆ ಹೋದದ್ದೂ ಒಂದಿದೆ. ಅದೂ ಬರುತ್ತದೆ.

ಎಂಬತ್ತರ ದಶಕದ ಕೊನೆಯ ಮಾತು. ಆರ್.ಟಿ. ನಗರದ ಒಂದು ಅಡ್ಡರಸ್ತೆಯಲ್ಲಿ, ಬೇಕರಿಗೂ ಟೈಲರ್ ಅಂಗಡಿಗೂ ನಡುವೆ, ಶ್ರೀಪಾದರಾಯರ ರೇಡಿಯೊ ರಿಪೇರಿ ಅಂಗಡಿ. ರಾಯರು ಸೈನ್ಯದಲ್ಲಿ ವೈರ್‌ಲೆಸ್ ನೋಡಿಕೊಂಡಿದ್ದು ನಿವೃತ್ತರಾದವರು. ಮಾತು ಕಡಿಮೆ, ಕಣ್ಣು ಜಾಸ್ತಿ. ಅವರಲ್ಲಿ ಎರಡೇ ನಿಯಮ. ಒಂದು, ಪೆಟ್ಟಿಗೆ ಬಿಚ್ಚುವ ಮುಂಚೆ ಗಿರಾಕಿಯ ಕತೆಯನ್ನು ಪೂರ್ತಿ ಕೇಳಬೇಕು. ಎರಡು, ಒಳಗಿನ ಯಾವ ಹೊಂದಾಣಿಕೆ ಸ್ಕ್ರೂ ತಿರುಗಿಸುವ ಮುಂಚೆಯೂ ಅದರ ತಲೆಯಿಂದ ಪಕ್ಕದ ತಗಡಿನವರೆಗೆ ನೇಲ್ ಪಾಲಿಶಿನಲ್ಲಿ ಒಂದು ಗೆರೆ ಎಳೆಯಬೇಕು. ತಿರುಗಿಸಿದ್ದು ತಪ್ಪಾದರೆ ಗೆರೆಗೆ ಗೆರೆ ಕೂಡಿಸಿ ಮೊದಲಿದ್ದಲ್ಲಿಗೆ ವಾಪಸ್ ಬರಬಹುದು. ಅದಕ್ಕೆಂದೇ ಬೆಂಚಿನ ಮೇಲೆ ಅವರ ಹೆಂಡತಿಯ ಕೆಂಪು ನೇಲ್ ಪಾಲಿಶ್ ಬಾಟಲಿ ಸದಾ ಇರುತ್ತಿತ್ತು. ಬಂದ ಗಿರಾಕಿಗಳು ಅದನ್ನು ನೋಡಿ ಮೀಸೆಯಲ್ಲೇ ನಗುವುದು, ನಾನು ನಾಚಿಕೊಂಡು ಬಾಟಲಿಯನ್ನು ಮಲ್ಟಿಮೀಟರ್ ಹಿಂದೆ ಸರಿಸುವುದು, ರಾಯರು ಅದನ್ನು ಮತ್ತೆ ಮುಂದಕ್ಕೆ ಎಳೆಯುವುದು, ಇದು ದಿನಚರಿ.

ಮನೆಯ ಕಂಪ್ಯೂಟರ್ ಅನ್ನುವುದು ನಮ್ಮ ಅಂಗಡಿಗೆ ಬಂದದ್ದು ಗಲ್ಫಿನಿಂದ ರಜೆಗೆ ಬಂದವರೊಬ್ಬರ ಸೂಟ್‌ಕೇಸಿನಲ್ಲಿ. ನೋಡಲು ಟೈಪ್‌ರೈಟರಿನ ಮೇಲ್ಭಾಗವನ್ನಷ್ಟೇ ಕತ್ತರಿಸಿಟ್ಟ ಹಾಗಿತ್ತು. ಪರದೆ ಇಲ್ಲ, ಮನೆಯ ಟೀವಿಯ ಆಂಟೆನಾ ತೂತಿಗೆ ಅದರ ವೈರ್ ಚುಚ್ಚಬೇಕು. ಬರೆದದ್ದನ್ನು ಇಟ್ಟುಕೊಳ್ಳಲು ಜಾಗವಿಲ್ಲ. ಹಾಡು ಕೇಳುವ ಟೇಪ್ ರೆಕಾರ್ಡರನ್ನೇ ಜೋಡಿಸಬೇಕು. ಪ್ರೋಗ್ರಾಂ ಎಲ್ಲ ಕ್ಯಾಸೆಟ್ಟಿನಲ್ಲಿ ಸದ್ದಾಗಿ ಕೂತಿರುತ್ತದೆ. ಆ ಸದ್ದನ್ನು ಕೇಳಿದವರಿಗೇ ಗೊತ್ತು, ಕಬ್ಬಿಣದ ಬಾಣಲೆಯನ್ನು ಸೌಟಿನಿಂದ ಕೆರೆದ ಹಾಗೆ. ಐದು ನಿಮಿಷ ಅದು ಕಿರುಚಿದ ಮೇಲೆ ಪ್ರೋಗ್ರಾಂ ಒಳಗೆ ಬಂದಿರುತ್ತದೆ. ಬಾರದಿದ್ದರೆ ರಿವೈಂಡ್ ಮಾಡಿ ಇನ್ನೊಂದು ಐದು ನಿಮಿಷ. ಈಗಿನ ಫೋನಿನಲ್ಲಿ ತೆಗೆದ ಒಂದು ಫೋಟೋ ಹಿಡಿಸುವಷ್ಟು ನೆನಪೂ ಆ ಯಂತ್ರಕ್ಕಿರಲಿಲ್ಲ. ಹಳೆಯದೆಲ್ಲ ಚಿನ್ನ ಅನ್ನುವ ಜಾತಿಯವನು ನಾನಲ್ಲ, ಆದ್ದರಿಂದ ಇದನ್ನು ಮೊದಲೇ ಹೇಳಿಬಿಟ್ಟೆ.

ಸುತ್ತಮುತ್ತ ಹತ್ತಿಪ್ಪತ್ತು ಮನೆಗಳಿಗೆ ಇಂಥ ಯಂತ್ರ ಬಂದವು. ರಾಯರು ಅವನ್ನೆಲ್ಲ ನನ್ನ ತಲೆಗೆ ಕಟ್ಟಿದರು. ಗಂಗಾನಗರದ ಒಂದು ಮನೆಯಲ್ಲಿ ಪ್ರತಿ ಸಂಜೆ ಆರೂವರೆಗೆ ಸರಿಯಾಗಿ ಯಂತ್ರ ಬರೆದದ್ದನ್ನೆಲ್ಲ ಮರೆತುಬಿಡುತ್ತಿತ್ತು. ಮೂರು ಸಲ ಅಂಗಡಿಗೆ ತಂದು ಬಿಚ್ಚಿದೆ, ಮೂರು ಸಲವೂ ಏನೂ ತಪ್ಪಿಲ್ಲ. ಕೊನೆಗೆ ಆರು ಗಂಟೆಗೆ ಅವರ ಮನೆಗೇ ಹೋಗಿ ಕೂತೆ. ಆರೂವರೆಗೆ ಯಜಮಾನಿತಿ ಸೆರಗು ಸಿಕ್ಕಿಸಿಕೊಂಡು ಎದ್ದು ಹೋಗಿ ಸಂಪಿನ ಮೋಟಾರ್ ಹಾಕಿದರು. ಯಂತ್ರ ಸತ್ತು ಹುಟ್ಟಿತು. ಎರಡೂ ಒಂದೇ ಲೈನಿನಲ್ಲಿದ್ದವು.

“ಮೋಟಾರ್ ಹಾಕೋ ವಿಷಯ ಮೊದ್ಲೇ ಹೇಳಬಾರ್ದಿತ್ತಾ ಅಮ್ಮಾ?” ಅಂದೆ.

“ನೀವೆಲ್ಲಿ ಕೇಳಿದ್ರಿ? ನೀರು ಬರೋದು ಆರೂವರೆಗೆ ಕಣ್ರೀ. ಇಡೀ ಬೀದಿಗೇ ಗೊತ್ತು.”

ಆಯುಧಪೂಜೆಯ ಮಾರನೆಯ ವಾರ ಪೂರ್ತಿ ನನಗೆ ಬೇರೆ ಕೆಲಸ ಇರುತ್ತಿರಲಿಲ್ಲ. ಸ್ಕೂಟರಿಗೆ ಹಚ್ಚಿದ ಹಾಗೆಯೇ ಕಂಪ್ಯೂಟರಿಗೂ ಅರಿಸಿನ ಕುಂಕುಮ ಹಚ್ಚುತ್ತಿದ್ದರು. ಕುಂಕುಮ ಕೀಲಿಗಳ ಸಂದಿಗೆ ಇಳಿಯುತ್ತಿತ್ತು, ಒಂದು ಒತ್ತಿದರೆ ನಾಲ್ಕು ಅಕ್ಷರ ಬೀಳುತ್ತಿದ್ದವು. ದೇವರ ಕೆಲಸ, ಬೈಯುವ ಹಾಗಿಲ್ಲ. ಬ್ರಷ್ ಹಿಡಿದು ಕೂರುತ್ತಿದ್ದೆ.

ಇನ್ನು ಖಾದರ್ ಸಾಹೇಬರ ವಿಷಯ. ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಇಸ್ತ್ರಿ ಮುರಿಯದ ಬಿಳಿ ಶರಟು, ಜೇಬಿನಲ್ಲಿ ಎರಡು ಪೆನ್ನು. ಒಂದು ದಿನ ಟೇಪ್ ರೆಕಾರ್ಡರ್ ತಂದು ಬೆಂಚಿನ ಮೇಲಿಟ್ಟು, “ಕವ್ವಾಲಿ ಹಾಕಿದ್ರೆ ಕಂಬಳಿ ಹೊದ್ಕೊಂಡು ಹಾಡ್ದಂಗೆ ಕೇಳುತ್ತೆ, ನೋಡಪ್ಪ,” ಅಂದರು. ತೊಂದರೆ ಏನೆಂದು ನನಗೆ ತಕ್ಷಣ ಗೊತ್ತಾಯಿತು. ಟೇಪನ್ನು ಓದುವ ಹೆಡ್ಡು ಒಂದು ಕೂದಲಷ್ಟು ಸೊಟ್ಟಗಿತ್ತು. ಅದರ ಪಕ್ಕದ ಪುಟ್ಟ ಸ್ಕ್ರೂ ತಿರುಗಿಸಿ, ಕಿವಿಗೊಟ್ಟು, ಸದ್ದು ಚೂಪಾಗುವ ಜಾಗದಲ್ಲಿ ನಿಲ್ಲಿಸಬೇಕು. ಆ ಕೆಲಸದಲ್ಲಿ ನನ್ನ ಕಿವಿಗೆ ಅಂಗಡಿಯಲ್ಲೇ ಹೆಸರಿತ್ತು. ಅರ್ಧ ನಿಮಿಷದಲ್ಲಿ ಮುಗಿಸಿದೆ. ನೇಲ್ ಪಾಲಿಶ್ ಹಚ್ಚಲಿಲ್ಲ. ನೆಟ್ಟಗೆ ಮಾಡುವ ಕೆಲಸಕ್ಕೆ ಗುರುತೇಕೆ, ಮತ್ತೆ ಸೊಟ್ಟ ಮಾಡುವವರು ಯಾರು ಅಂದುಕೊಂಡೆ. ಕವ್ವಾಲಿ ಗಂಟೆ ಹೊಡೆದ ಹಾಗೆ ಕೇಳಿತು. ಸಾಹೇಬರು ನನ್ನ ಬೆನ್ನು ತಟ್ಟಿ ಹೋದರು.

ಎರಡು ದಿನದ ನಂತರ ವಾಪಸ್ ಬಂದರು. ಜೊತೆಯಲ್ಲಿ ಎರಡು ಜಡೆಯ ಎಂಟು ವರ್ಷದ ಮಗಳು ಶಬಾನಾ. ಸಾಹೇಬರ ಮನೆಯಲ್ಲೂ ಒಂದು ಕಂಪ್ಯೂಟರ್ ಇತ್ತಂತೆ, ಅದಕ್ಕೂ ಇದೇ ರೆಕಾರ್ಡರ್ ಅಂತೆ. ಇದು ನನಗೆ ಆಗಲೇ ತಿಳಿದದ್ದು, ಏಕೆಂದರೆ ಮೊದಲ ಸಲ ನಾನು ಕತೆ ಕೇಳಿರಲಿಲ್ಲ. ಮಗಳು ಲೆಕ್ಕದಲ್ಲಿ ಹಿಂದೆ ಎಂದು ಸಾಹೇಬರೇ ಕೂತು ಅವಳಿಗಾಗಿ ಒಂದು ಪ್ರೋಗ್ರಾಂ ಬರೆದಿದ್ದರು. ಯಂತ್ರ ಇಪ್ಪತ್ತು ಲೆಕ್ಕ ಕೇಳುತ್ತದೆ. ಇಪ್ಪತ್ತೂ ಸರಿಯಾದರೆ ಕೊನೆಯಲ್ಲಿ ಅವಳಿಗೆಂದೇ ಏನೋ ಒಂದು ಬರುತ್ತದೆ. ಅದೇನೆಂದು ಮಗಳಿಗೆ ಹೇಳಿರಲಿಲ್ಲ. ಅವಳು ಹತ್ತೊಂಬತ್ತರವರೆಗೆ ಬಂದಿದ್ದಳು. ಈಗ ಕ್ಯಾಸೆಟ್ಟೇ ಲೋಡ್ ಆಗುತ್ತಿಲ್ಲ.

ನಾನು ಅಂಗಡಿಯಲ್ಲಿದ್ದ ಆಟದ ಕ್ಯಾಸೆಟ್ಟೊಂದನ್ನು ಅದೇ ರೆಕಾರ್ಡರಿಗೆ ಹಾಕಿ ನೋಡಿದೆ. ಒಂದೇ ಸಲಕ್ಕೆ ಲೋಡ್ ಆಯಿತು. ಹಾಗಾದರೆ ರೆಕಾರ್ಡರ್ ಸರಿ, ನನ್ನ ರಿಪೇರಿ ಸರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಕ್ಯಾಸೆಟ್ ಎತ್ತಿ ಬೆಳಕಿಗೆ ಹಿಡಿದೆ. ಟೇಪಿನ ತುದಿಯಲ್ಲಿ ಒಂದು ಸಣ್ಣ ಮಡಿಕೆ ಕಂಡಿತು. ಯಾವ ಕ್ಯಾಸೆಟ್ಟಿನಲ್ಲಾದರೂ ಹುಡುಕಿದರೆ ಸಿಗುವಂಥದ್ದು.

“ಮನೇಲಿ ಮಕ್ಕಳು ಟೇಪ್ ಎಳ್ದಿದಾರೆ ಸರ್. ಇದು ಹೋಯ್ತು.”

ಸಾಹೇಬರು ಮಗಳ ಕಡೆ ನೋಡಿದರು. ಆ ಮಗು ಇಲ್ಲ ಎಂದು ತಲೆಯಾಡಿಸಿತು. ಅವರು ಇನ್ನೊಂದು ಸಲ ಕೇಳಲಿಲ್ಲ. “ಇನ್ಮೇಲೆ ಮೆಷಿನ್ ಮುಟ್ಬೇಡ,” ಅಂದರು. ಬೇಕರಿಯ ಮುಂದೆ ದಾಟುವಾಗ ಅವಳು ತಿರುಗಿ ನನ್ನನ್ನು ನೋಡಿದಳು. ಅಳುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ನೆನಪಿದೆ.

ವರ್ಷದ ಮೇಲೆ, ನಾನು ಹೆಡ್ಡು ನೆಟ್ಟಗೆ ಮಾಡಿ ಕಳಿಸಿದ್ದ ಇನ್ನೊಬ್ಬ ಗಿರಾಕಿಯ ರೆಕಾರ್ಡರ್ ಹೀಗೆಯೇ ವಾಪಸ್ ಬಂತು. ಆ ಸಲ ರಾಯರೇ ಬೆಂಚಿನಲ್ಲಿದ್ದರು.

“ಇದರಲ್ಲಿ ಅವರೇ ರೆಕಾರ್ಡ್ ಮಾಡಿದ ಕ್ಯಾಸೆಟ್ ಇದೆಯಾ ಅಂತ ಕೇಳಿದ್ಯೇನೋ?”

“ಇಲ್ಲ ಸರ್.”

“ಹೆಡ್ಡು ಸೊಟ್ಟಗಿದ್ದಾಗ ರೆಕಾರ್ಡ್ ಮಾಡಿದ್ದು ಸೊಟ್ಟಗೇ ಬಿದ್ದಿರುತ್ತೆ. ಓರೆಯಾಗಿ ಬರೆದ ಕಾಗದನ ಓರೆ ಮಾಡ್ಕೊಂಡೇ ಓದ್ಬೇಕು. ನೀನು ನೆಟ್ಟಗೆ ಮಾಡಿ ಕೂತ್ರೆ ಹಾಡೇನೋ ಚೆನ್ನಾಗಿ ಕೇಳುತ್ತೆ, ಅವರು ಬರೆದಿದ್ದು ಅವರಿಗೇ ಓದೋಕ್ಕಾಗಲ್ಲ. ಗೆರೆ ಎಲ್ಲೋ?”

ಆ ಸಲ ನಾನು ಗೆರೆ ಎಳೆದಿದ್ದೆ. ರಾಯರು ಸ್ಕ್ರೂವನ್ನು ಗೆರೆಗೆ ತಂದು ನಿಲ್ಲಿಸಿದರು, ಕ್ಯಾಸೆಟ್ ಲೋಡ್ ಆಯಿತು. ನನಗೆ ಖಾದರ್ ಸಾಹೇಬರ ಕ್ಯಾಸೆಟ್ ನೆನಪಾಯಿತು. ಎರಡು ಜಡೆಯ ಹುಡುಗಿಯ ಮನೆ ಅಂಗಡಿಯಿಂದ ಹತ್ತು ನಿಮಿಷದ ನಡಿಗೆ. ಹೋಗಿ ಹೇಳಬಹುದಿತ್ತು. ಇಷ್ಟು ದಿನದ ಮೇಲೆ ಏನೆಂದು ಹೇಳುವುದು, ಅವರು ಮರೆತಿರುತ್ತಾರೆ, ಇನ್ನೊಂದು ಪ್ರೋಗ್ರಾಂ ಬರೆದುಕೊಂಡಿರುತ್ತಾರೆ ಎಂದೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೋಗಲಿಲ್ಲ. ನಾಚಿಕೆ, ಬೇರೇನಲ್ಲ.

ರಾಯರು ಅಂಗಡಿ ಮುಚ್ಚಿದ ಮೇಲೆ ಯಶವಂತಪುರದ ಒಂದು ಸರ್ವೀಸ್ ಕಂಪನಿಗೆ ಸೇರಿದೆ. ಅಷ್ಟರಲ್ಲಿ ಟೀವಿಗೆ ಚುಚ್ಚುವ ಯಂತ್ರಗಳು ಅಟ್ಟ ಸೇರಿದ್ದವು, ಮೇಜಿನ ಮೇಲೆ ದೊಡ್ಡ ಡಬ್ಬಗಳು ಬಂದಿದ್ದವು. ಅಲ್ಲಿನ ಮ್ಯಾನೇಜರರಿಗೆ ನನ್ನನ್ನು ಕಂಡರೆ ತಲೆನೋವು. ನಾನು ಬೋರ್ಡಿನ ಮೇಲೆ ಸುಟ್ಟ ಒಂದು ಬಿಡಿಭಾಗ ಹುಡುಕುತ್ತ ಕೂತಿದ್ದರೆ ಹಿಂದೆ ಬಂದು ನಿಲ್ಲುತ್ತಿದ್ದರು. “ಮುನಿರಾಜು, ರಿಪೇರಿ ಯಾಕ್ರೀ ಮಾಡ್ತಾ ಇದೀರಾ? ಬೋರ್ಡ್ ಬದಲಾಯ್ಸಿ, ಮುಂದಿನ ಮನೆಗೆ ಹೋಗಿ.” ಅವರದೂ ತಪ್ಪಲ್ಲ. ಒಂದು ಬೋರ್ಡಿಗೆ ಅರ್ಧ ದಿನ ಕೂತರೆ ಕಾದಿರುವ ಗಿರಾಕಿಗೆ ಯಾರು ಉತ್ತರ ಕೊಡುವುದು? ಬೋರ್ಡು ಬದಲಾಯಿಸುವುದನ್ನು ಕಲಿತೆ. ಆಮೇಲೆ ಸ್ಕ್ರೂಗಳೇ ಇಲ್ಲದೆ ಗೋಂದಿನಿಂದ ಅಂಟಿಸಿದ ಲ್ಯಾಪ್‌ಟಾಪುಗಳು ಬಂದವು, ಬಿಸಿಗಾಳಿ ಬಿಟ್ಟು ಬಿಚ್ಚುವುದನ್ನೂ ಕಲಿತೆ. ಕೊನೆಕೊನೆಗೆ ನನ್ನ ಕೆಲಸದಲ್ಲಿ ಹೆಚ್ಚಿನದು, ಎಲ್ಲ ಅಳಿಸಿ ಹೊಸದರಂತೆ ಮಾಡಿ ಕೊಡುವುದು. “ಒಳಗಿದ್ದುದು ಹೋಗುತ್ತೆ, ಪರ್ವಾಗಿಲ್ವಾ?” ಎಂದು ಕೇಳಿ ಸಹಿ ಹಾಕಿಸಿಕೊಳ್ಳುತ್ತಿದ್ದೆವು. ಪರವಾಗಿಲ್ಲ ಎಂದು ಮನಸಾರೆ ಸಹಿ ಹಾಕಿದವರನ್ನು ನಾನು ಹೆಚ್ಚು ಕಂಡಿಲ್ಲ.

ನಿವೃತ್ತನಾಗಿ ಹಳ್ಳಿಯ ಮನೆಯ ಮಹಡಿಯಲ್ಲಿ ಒಂದು ಬೆಂಚು ಹಾಕಿಕೊಂಡೆ. ಅಟ್ಟ ಸೇರಿದ್ದ ಹಳೆಯ ಯಂತ್ರಗಳು ಒಂದೊಂದಾಗಿ ಅಲ್ಲಿಗೆ ಬರತೊಡಗಿದವು. ತರುವವರಲ್ಲಿ ಬಹಳ ಜನ ಆ ಯಂತ್ರ ಬಂದಾಗ ಹುಟ್ಟಿಯೇ ಇರದವರು. ದಿನವಿಡೀ ಎಂಥೆಂಥ ಕಂಪ್ಯೂಟರುಗಳ ಮುಂದೆ ಕೂತು ದುಡಿಯುವವರು, ಭಾನುವಾರ ಇಲ್ಲಿ ಬಂದು ಐದು ನಿಮಿಷದ ಕಿರುಚಾಟವನ್ನು ಕಣ್ಣರಳಿಸಿ ಕೇಳುತ್ತಾರೆ. ನಮ್ಮಮ್ಮ ಇದ್ದಷ್ಟು ದಿನ, “ಇಂಗೆ ಕೂಗೋ ಪೆಟ್ಟಿಗೆಗೆ ಇಷ್ಟು ಜನ ಯಾಕ್ ಬತ್ತಾರೋ?” ಎಂದು ಕೇಳುತ್ತಿದ್ದಳು. ನನಗೂ ಮೊದಲು ತಿಳಿದಿರಲಿಲ್ಲ. ಅವರನ್ನೇ ನೋಡುತ್ತ ನೋಡುತ್ತ ಸ್ವಲ್ಪ ತಿಳಿಯಿತು. ಆ ಯಂತ್ರದ ಸ್ವಿಚ್ ಹಾಕಿದರೆ ಕೈ ತೆಗೆಯುವಷ್ಟರಲ್ಲಿ ಅದು ಸಿದ್ಧವಾಗಿರುತ್ತದೆ. ಹೆಸರು ಕೇಳುವುದಿಲ್ಲ, ಪಾಸ್‌ವರ್ಡ್ ಕೇಳುವುದಿಲ್ಲ, ತಡಿ ಅಪ್‌ಡೇಟ್ ಆಗುತ್ತಿದ್ದೇನೆ ಅನ್ನುವುದಿಲ್ಲ. ನೀವೇನಾದರೂ ಟೈಪ್ ಮಾಡುವವರೆಗೆ ಸುಮ್ಮನಿರುತ್ತದೆ. ಯಾರೋ ಬರೆದ ಪ್ರೋಗ್ರಾಂ ಓಡುತ್ತಿದ್ದರೆ ಅದನ್ನು ನಿಲ್ಲಿಸಿ, ಹೇಗೆ ಬರೆದಿದ್ದಾರೆ ಎಂದು ಸಾಲು ಸಾಲಾಗಿ ಓದಬಹುದು. ಇಷ್ಟವಾಗದ ಸಾಲನ್ನು ಅಳಿಸಿ ನಿಮ್ಮದೊಂದು ಬರೆಯಬಹುದು. ಮೊನ್ನೆ ಮೊನ್ನೆ ಕೊಂಡ ನನ್ನದೇ ಟ್ಯಾಬ್ಲೆಟ್ ಇದೆ, ಅದರೊಳಗೆ ಏನು ನಡೆಯುತ್ತಿದೆ ಎಂದು ನನಗೂ ತಿಳಿಯದು. ವೇಗ ಅದರದೇ ಹೆಚ್ಚು, ಅನುಕೂಲ ಅದರಲ್ಲೇ ಹೆಚ್ಚು. ದಿನದ ಕೆಲಸಕ್ಕೆ ನಾನೂ ಅದನ್ನೇ ಬಳಸುತ್ತೇನೆ.

ಹೋದ ವರ್ಷ ಹೀಗೆಯೇ ಯಾರಿಂದಲೋ ವಿಳಾಸ ಪಡೆದು ಒಬ್ಬರು ಹೆಂಗಸು ಬಂದರು. ನಲವತ್ತೈದರ ಆಸುಪಾಸು, ರಕ್ತಪರೀಕ್ಷೆಯ ಲ್ಯಾಬ್ ಒಂದರಲ್ಲಿ ಟೆಕ್ನಿಷಿಯನ್. ಬಟ್ಟೆಯಲ್ಲಿ ಸುತ್ತಿದ್ದ ಯಂತ್ರ, ರೆಕಾರ್ಡರ್, ಒಂದು ಕ್ಯಾಸೆಟ್ ಹೊರಗಿಟ್ಟರು. ಕ್ಯಾಸೆಟ್ಟಿನ ಮೇಲೆ ಮೇಷ್ಟರ ದುಂಡು ಅಕ್ಷರ. ರೆಕಾರ್ಡರಿನ ಹೊಟ್ಟೆಗೆ ರಾಯರ ಅಂಗಡಿಯ ಚೀಟಿ, ಚೀಟಿಯ ಮೂಲೆಯಲ್ಲಿ ನನ್ನ ಇನಿಷಿಯಲ್. ನನಗೆ ಗುರುತು ಸಿಕ್ಕಿತು. ಅವರಿಗೆ ಸಿಗಲಿಲ್ಲ, ನನ್ನ ತಲೆಯಲ್ಲಿ ಆಗ ಕೂದಲಿತ್ತು.

“ಮೆಷಿನ್ ಸರಿಯಾಗ್ದೆ ಇದ್ರೂ ಪರ್ವಾಗಿಲ್ಲ ಸರ್. ಈ ಕ್ಯಾಸೆಟ್ ನಿಜವಾಗ್ಲೂ ಎಳೆದು ಹಾಳಾಗಿದ್ಯಾ ಅಂತ ಒಂದು ಹೇಳಿ ಸಾಕು,” ಅಂದರು. “ನಾನು ಮುಟ್ಟಿರ್ಲಿಲ್ಲ. ಅಂಗಡಿಯವನು ಮಕ್ಕಳು ಎಳ್ದಿದಾರೆ ಅಂದ, ಮುಗೀತು. ಅವತ್ತಿಂದ ಮನೇಲಿ ಮಿಕ್ಸಿ ಕೆಟ್ಟೋದ್ರೂ ‘ಶಬಾನಾ ಮುಟ್ಟಿದ್ಳಾ?’ ಅಂತಾರೆ. ಎಲ್ರಿಗೂ ತಮಾಷೆ. ನಮ್ಮಣ್ಣ ನನ್ನ ಮದುವೆ ದಿನ ಯಜಮಾನ್ರಿಗೆ ಹೇಳಿದ್ದೇ ಅದು, ಟೇಪ್ ರೆಕಾರ್ಡರ್ ಇವಳ ಕೈಗೆ ಕೊಡ್ಬೇಡಿ ಅಂತ. ಲ್ಯಾಬಲ್ಲಿ ಲಕ್ಷಾಂತರ ರೂಪಾಯಿ ಮೆಷಿನ್ ನನ್ನ ಕೈಲಿ ಬಿಡ್ತಾರೆ ಸರ್. ಮನೇಲಿ ಟೀವಿ ರಿಮೋಟ್ ಕೊಡೋಕ್ಕೂ ಯೋಚ್ನೆ ಮಾಡ್ತಾರೆ.”

ನಗುತ್ತಲೇ ಹೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ತಿರುಗಿ ಸುಮ್ಮನೆ ಸೋಲ್ಡರಿಂಗ್ ಕಡ್ಡಿ ಒರೆಸಿದೆ. “ಅಬ್ಬಾ ಹೇಗಿದಾರೆ?” ಎಂದು ಕೇಳಿದೆ. ಎಂಬತ್ತು ದಾಟಿದೆ, ಕಣ್ಣು ಮಂಜಾಗಿದೆ, ಅಕ್ಷರ ಕಾಣುವುದಿಲ್ಲ, ಬಾಯಿ ಮಾತ್ರ ಹಾಗೇ ಇದೆ ಅಂದರು. ಮುಂದಿನ ಭಾನುವಾರ ಎಲ್ಲ ತಗೊಂಡು ನಾನೇ ಮನೆಗೆ ಬರ್ತೀನಿ ಎಂದು ಕಳಿಸಿದೆ.

ಆ ವಾರ ಯಂತ್ರದ ಕೆಪಾಸಿಟರುಗಳನ್ನು ಬದಲಾಯಿಸಿದೆ, ರೆಕಾರ್ಡರಿಗೆ ಹೊಸ ರಬ್ಬರ್ ಬೆಲ್ಟ್ ಹಾಕಿದೆ. ಹೆಡ್ಡಿನ ಸ್ಕ್ರೂ ನಾನು ಬಿಟ್ಟ ಜಾಗದಲ್ಲೇ ಇತ್ತು, ನೆಟ್ಟಗೆ. ಅದನ್ನು ಮುಟ್ಟಲಿಲ್ಲ. ಮಹಡಿಯಲ್ಲೇ ಕೂತು ಅದನ್ನು ಸೊಟ್ಟ ಮಾಡಿ, ಕ್ಯಾಸೆಟ್ ಓದಿಸಿ, “ಟೇಪ್ ಚೆನ್ನಾಗಿದೆಯಮ್ಮ, ಹಳೇ ಅಂಗಡಿಯವನಿಗೆ ಕೆಲಸ ಬರ್ತಿರ್ಲಿಲ್ಲ” ಎಂದು ಕೊಟ್ಟು ಕಳಿಸಬಹುದಿತ್ತು. ಆ ಯೋಚನೆ ಬಂದಿತ್ತು, ಬರಲಿಲ್ಲ ಎಂದು ಸುಳ್ಳು ಹೇಳಲಾರೆ. ಎರಡು ಕಾರಣಕ್ಕೆ ಬಿಟ್ಟೆ. ಹಾಗೆ ಮಾಡುವುದು ಹೇಡಿತನ ಎಂಬುದು ಒಂದು. ಇನ್ನೊಂದು, ನನ್ನ ಕಿವಿ. ವಯಸ್ಸಾದಂತೆ ಚೂಪು ಸದ್ದುಗಳು ಮೊದಲು ಹೋಗುತ್ತವೆ. ಯಾವ ಸದ್ದು ಕೇಳಿ ಸ್ಕ್ರೂ ನಿಲ್ಲಿಸಬೇಕೋ ಆ ಸದ್ದೇ ನನಗೀಗ ಕೇಳುವುದಿಲ್ಲ.

ಭಾನುವಾರ ಮಧ್ಯಾಹ್ನ ಆರ್.ಟಿ. ನಗರದ ಅವರ ಮನೆಗೆ ಆಟೊದಲ್ಲಿ ಹೋದೆ. ಹಳೆಯ ಪುಟ್ಟ ಪಿಕ್ಚರ್ ಟ್ಯೂಬ್ ಟೀವಿಯನ್ನು ಮಡಿಲಲ್ಲಿಟ್ಟುಕೊಂಡಿದ್ದೆ. ಖಾದರ್ ಸಾಹೇಬರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ಬಿಳಿ ಜುಬ್ಬಾ, ಜೇಬಿನಲ್ಲಿ ಈಗಲೂ ಒಂದು ಪೆನ್ನು. ಶಬಾನಾ ಚಹಾ ತಂದರು. ಕುಡಿಯುವ ಮುಂಚೆಯೇ ಹೇಳಬೇಕು ಎಂದು ನಿರ್ಧರಿಸಿದ್ದೆ. ಕ್ಯಾಸೆಟ್ ಓದಿದ ಮೇಲೆ ಹೇಳಿದರೆ ಅದು ಜಂಬವಾಗುತ್ತದೆ. ಓದದೆ ಹೋದರೆ ಹೇಳುವ ಧೈರ್ಯ ಬರುವುದಿಲ್ಲ.

“ಸರ್, ಶ್ರೀಪಾದರಾಯರ ಅಂಗಡೀಲಿ ಅವತ್ತು ನಿಮ್ಮ ರೆಕಾರ್ಡರ್ ಬಿಚ್ಚಿದೋನು ನಾನೇ. ಟೇಪಿಗೆ ಏನೂ ಆಗಿರ್ಲಿಲ್ಲ. ನಾನು ಹೆಡ್ಡಿನ ಸ್ಕ್ರೂ ತಿರುಗಿಸಿದ್ದಕ್ಕೇ ಅದು ಓದದೆ ಹೋಗಿದ್ದು. ಮಗು ಮೇಲೆ ಹಾಕ್ಬಿಟ್ಟೆ. ವರ್ಷದಲ್ಲೇ ನಂಗೆ ಗೊತ್ತಾಯ್ತು. ಬಂದು ಹೇಳ್ಲಿಲ್ಲ. ತಪ್ಪಾಯ್ತು.”

ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಶಬಾನಾ ತಟ್ಟೆ ಹಿಡಿದೇ ನಿಂತಿದ್ದರು. ಬೇಕರಿಯ ಮುಂದೆ ತಿರುಗಿ ನೋಡಿದ ಹಾಗೆಯೇ ನೋಡಿದರು.

“ಹತ್ತು ನಿಮಿಷದ ದಾರಿ ಸರ್,” ಅಂದರು.

“ಹೌದಮ್ಮ.”

ಸಾಹೇಬರು, “ಬಾಯಲ್ಲಿ ಹೇಳಿದ್ರೆ ಆಗಲ್ಲ. ಲೆಕ್ಕ ಬಿಡಿಸಿ ತೋರಿಸ್ರಿ,” ಅಂದರು. ಗಣಿತದ ಮೇಷ್ಟ್ರು.

ಯಂತ್ರ ಜೋಡಿಸಿ ಕ್ಯಾಸೆಟ್ ಹಾಕಿದೆ. ಕಿರುಚಾಟ ಶುರುವಾಯಿತು, ಗೋಡೆಯಾಚೆಯಿಂದ ಬಂದ ಹಾಗೆ ಮಂಕಾಗಿ. ಸ್ಕ್ರೂ ಮೇಲೆ ಸ್ಕ್ರೂಡ್ರೈವರ್ ಇಟ್ಟು ಶಬಾನಾರಿಗೆ ಹೇಳಿದೆ, “ನನ್ನ ಕಿವಿಗೆ ಆಗಲ್ಲಮ್ಮ. ಆಗ ಮನೇಲಿ ಹೇಗೆ ಕೇಳ್ತಿತ್ತೋ ಹಾಗೆ ಬಂದ ತಕ್ಷಣ ಹೇಳಿ.” ಅವರು ಬಗ್ಗಿ ಕಿವಿ ಹತ್ತಿರ ತಂದರು. ಒಂದು ಕಡೆ ತಿರುಗಿಸಿದೆ. “ಇಲ್ಲ, ಇನ್ನೂ ಡಲ್ ಆಯ್ತು.” ಇನ್ನೊಂದು ಕಡೆ. “ಸ್ವಲ್ಪ... ಇನ್ನೂ ಸ್ವಲ್ಪ... ಜಾಸ್ತಿ ಆಯ್ತು, ವಾಪಸ್... ಹಾಂ! ಇದೇ ಸರ್. ಹಿಂಗೇ ಚೀರ್ತಿತ್ತು. ಅಮ್ಮಿ ಬೈತಿದ್ರು.” ನನಗೆ ಯಾವ ವ್ಯತ್ಯಾಸವೂ ಕೇಳಲಿಲ್ಲ. ಅವರನ್ನು ನಂಬಿ ಕೈ ತೆಗೆದೆ. ರಿವೈಂಡ್ ಮಾಡಿ ಹಾಕಿದರೆ ಎರಡು ಸಲ ಅರ್ಧಕ್ಕೇ ನಿಂತಿತು. ಮೂರನೇ ಸಲ ಪರದೆಯ ಅಂಚಿನಲ್ಲಿ ನೀಲಿ ಹಳದಿ ಪಟ್ಟೆಗಳು ಕೊನೆಯವರೆಗೂ ಓಡಿದವು. ಸದ್ದು ನಿಂತಿತು. ಇಂಗ್ಲಿಷ್ ಅಕ್ಷರದಲ್ಲಿ ಬಂತು, ‘ಶಬಾನಾ ಕಾ ಹಿಸಾಬ್’, ಶಬಾನಾಳ ಲೆಕ್ಕ.

ಶಬಾನಾ ಅದನ್ನು ಗಟ್ಟಿಯಾಗಿ ಓದಿದರು. ಸಾಹೇಬರು ಕಣ್ಣು ಮುಚ್ಚಿಕೊಂಡರು.

“ಮಾಡಿ,” ಅಂದೆ. ಅವರ ಬೆರಳು ಕೀಲಿಯ ಮೇಲೆ ಅರೆಕ್ಷಣ ನಿಂತಿತು, ಯಾರಾದರೂ ಬೇಡ ಅನ್ನುತ್ತಾರೇನೋ ಎಂದು ಕಾದ ಹಾಗೆ. ಯಾರೂ ಅನ್ನಲಿಲ್ಲ. ಲೆಕ್ಕಗಳು ಬಂದವು. ಹದಿನೇಳು ಎಂಟಲಕ್ಕೆ ತಪ್ಪಿದರು. ‘ಫಿರ್ ಸೇ’ ಎಂದು ಯಂತ್ರ ಮೊದಲಿನಿಂದ ಶುರು ಮಾಡಿತು. “ಈಗ್ಲೂ ಹದಿನೇಳರ ಮಗ್ಗಿ ಬರಲ್ವಾ?” ಎಂದು ಕುರ್ಚಿಯಿಂದ ದನಿ ಬಂತು. ಎರಡನೇ ಸಲ ಹತ್ತೊಂಬತ್ತು ಸರಿಯಾದವು. ಇಪ್ಪತ್ತನೆಯದನ್ನು ಹೊಡೆಯುವ ಮುಂಚೆ ಅವರು ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡರು. ಹೊಡೆದರು. ಸರಿ.

ಪರದೆ ಖಾಲಿಯಾಯಿತು. ಕೆಳಗಿನ ಮೂಲೆಯಲ್ಲಿ ಪ್ರೋಗ್ರಾಂ ಮುಗಿಯಿತು ಎಂದು ಯಂತ್ರವೇ ಹಾಕುವ ‘ಓಕೆ’ ಅಷ್ಟೇ. ಕಾದೆವು. ಬೇರೇನೂ ಬರಲಿಲ್ಲ.

“ಏನ್ ಬಂತು?” ಎಂದರು ಸಾಹೇಬರು. ಕೇಳಿದ ರೀತಿಯಲ್ಲೇ ಅವರಿಗೆ ಗೊತ್ತಿದೆ ಅನ್ನಿಸಿತು.

“ಏನೂ ಇಲ್ಲ ಅಬ್ಬಾ. ಖಾಲಿ.”

ಟೇಪಿನ ತುದಿ ನಿಜವಾಗಿಯೂ ಹೋಗಿದೆಯೇನೋ ಅಂದುಕೊಂಡೆ. ಪ್ರೋಗ್ರಾಮಿನ ಸಾಲುಗಳನ್ನು ಪರದೆಗೆ ಕರೆದೆ. ಎಲ್ಲ ಇದ್ದವು. ಕಟ್ಟಕಡೆಯದು ಒಂಬೈನೂರನೇ ಸಾಲು. ಅದು ಯಂತ್ರಕ್ಕೆ ಹೇಳಿದ ಮಾತಲ್ಲ, ಬರೆಯುವವರು ತಮ್ಮ ಜ್ಞಾಪಕಕ್ಕೆಂದು ಹಾಕಿಕೊಳ್ಳುವ ಟಿಪ್ಪಣಿ. ಶಬಾನಾ ಓದಿದರು, “ಯಾಂ ಕುಚ್ ಅಚ್ಛಾ ಲಿಖ್ನಾ.” ಇಲ್ಲಿ ಏನಾದರೂ ಒಳ್ಳೆಯದು ಬರೆಯಬೇಕು.

“ಬರ್ದೇ ಇರ್ಲಿಲ್ವಾ ಅಬ್ಬಾ?”

ಸಾಹೇಬರು ಮೊಣಕಾಲು ಸವರಿದರು. “ನೀನು ಇಪ್ಪತ್ತು ಸರಿ ಮಾಡೋಕ್ಕೆ ಎರಡು ತಿಂಗಳಾದ್ರೂ ಬೇಕು ಅಂದ್ಕೊಂಡಿದ್ದೆ. ವಾರದಲ್ಲೇ ಹತ್ತೊಂಬತ್ತಕ್ಕೆ ಬಂದ್ಬಿಟ್ಟೆ. ನಂಗೆ ಏನ್ ಬರೀಬೇಕು ಅಂತ್ಲೇ ಹೊಳೀಲಿಲ್ಲ. ಆಗ ಇವರು ಟೇಪ್ ಹೋಯ್ತು ಅಂದ್ರು. ನಿಜ ಹೇಳ್ತೀನಿ ಬೇಟಾ, ಮನಸ್ಸಿಗೆ ಹಗುರ ಆಯ್ತು. ಅದಕ್ಕೇ ನಿನ್ನ ಇನ್ನೊಂದು ಸಲ ಕೇಳ್ಲಿಲ್ಲ.”

ಶಬಾನಾ ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು. “ಇಬ್ರೂ ದೊಡ್ಡೋರು, ನಾನೊಬ್ಳೇ ಚಿಕ್ಕೋಳು,” ಅಂದರು. ಅಷ್ಟೇ ಅಂದರು. ಕಣ್ಣು ತುಂಬಿತ್ತು. ನನಗೆ ಆ ಕೋಣೆಯಲ್ಲಿ ಕೂರುವುದು ಕಷ್ಟವಾಯಿತು.

“ಒಂಬೈನೂರನೇ ಸಾಲು ಅಳಿಸು,” ಎಂದರು ಸಾಹೇಬರು ಇದ್ದಕ್ಕಿದ್ದಂತೆ, ಕ್ಲಾಸಿನ ದನಿಯಲ್ಲಿ. “ನಾನು ಹೇಳ್ತೀನಿ, ನೀನು ಬರಿ.” ಯಾವ ಕೀಲಿ ಎಲ್ಲಿ, ಯಾವುದರ ಜೊತೆ ಯಾವುದನ್ನು ಒತ್ತಬೇಕು ಎಂದು ಕಣ್ಣು ಕಾಣದ ಆ ಮನುಷ್ಯ ಒಂದೊಂದಾಗಿ ಹೇಳಿದರು. ನಾನು ಬಾಯಿ ಹಾಕಬೇಕಾಗಲಿಲ್ಲ. ಶಬಾನಾ ಒತ್ತುತ್ತ ಹೋದರು. ಅಕ್ಷರಗಳು ಒಂದೊಂದೇ ಬಂದು ಸಾಲಾದವು: ‘ಶಬಾನಾ ಟೇಪ್ ನೈ ಬಿಗಾಡಿ’. ಶಬಾನಾ ಟೇ‍ಪ್ ಕೆಡಿಸಿಲ್ಲ.

ಅದನ್ನು ಗಟ್ಟಿಯಾಗಿ ಓದಲು ಶಬಾನಾರಿಂದ ಆಗಲಿಲ್ಲ. ನಾನು ಓದಿದೆ.

“ಇಪ್ಪತ್ತು ಲೆಕ್ಕ ಸರಿ ಮಾಡಿದ್ರೇನೇ ಇದು ಕಾಣ್ಸೋದಾ?” ಎಂದು ಮೂಗು ಒರೆಸಿಕೊಂಡು ಕೇಳಿದರು.

“ಹೂಂ. ಹಬ್ಬಕ್ಕೆ ನಿಮ್ಮಣ್ಣ ಬರ್ತಾನಲ್ಲ, ಕೂರ್ಸು. ಅವನಿಗೆ ಹದಿಮೂರರ ಮಗ್ಗೀನೂ ಬರಲ್ಲ.”

ಆಗ ಅವರು ನಕ್ಕರು. ನಾವೂ ನಕ್ಕೆವು. ಚಹಾ ಆರಿತ್ತು, ಇನ್ನೊಂದು ಸಲ ಬಂತು.

ಹೊಸ ಸಾಲಿನೊಂದಿಗೆ ಪ್ರೋಗ್ರಾಮನ್ನು ಅದೇ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿದೆವು. ನಾನು ರೆಕಾರ್ಡರಿನ ಮುಚ್ಚಳ ಹಾಕುವಾಗ ಶಬಾನಾ ಕೇಳಿದರು, “ಹೆಡ್ಡು ಈಗ ನೆಟ್ಟಗೆ ಮಾಡ್ತೀರಾ ಸರ್?”

“ಇಲ್ಲಮ್ಮ. ಮನೇಲಿ ನೇಲ್ ಪಾಲಿಶ್ ಇದ್ಯಾ?”

ಒಳಗೆ ಹೋಗಿ ತಮ್ಮ ಮಗಳದೊಂದು ಬಾಟಲಿ ತಂದರು. ಗಿಳಿಹಸಿರು. ಮುಚ್ಚಳ ಮತ್ತೆ ತೆಗೆದು, ಸ್ಕ್ರೂವಿನ ತಲೆಯಿಂದ ಪಕ್ಕದ ತಗಡಿನವರೆಗೆ ಒಂದು ಗೆರೆ ಎಳೆದೆ. ಗೆರೆ ಸ್ವಲ್ಪ ಸೊಟ್ಟಗಾಯಿತು. ಒಣಗುವವರೆಗೆ ಊದುತ್ತ ಕೂತೆ.